ಕೆಂಪು ಗುರುತು ಬಂತಾ? ಹಕ್ಕಿ ಪಟ್ಟಿಯ ಫಿಲ್ಟರ್ ಏನು ಕೇಳುತ್ತಿದೆ ಅಂತ ಮೊದಲು ನೋಡಿ

ಬೆಳಿಗ್ಗೆ ಹಕ್ಕಿ ನೋಡಿ ಬಂದು, ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಎಂಬ ಜಾಲತಾಣದಲ್ಲಿ ಪಟ್ಟಿ ತುಂಬುತ್ತಿದ್ದೀರಿ. ಇಪ್ಪತ್ತು ಹಕ್ಕಿ ಸರಾಗವಾಗಿ ಒಳಗೆ ಹೋದವು. ಇಪ್ಪತ್ತೊಂದನೆಯದರ ಪಕ್ಕ ಕೆಂಪು ಗುರುತು ಬಂತು. ವಿವರ ಬರೆಯಿರಿ ಎಂಬ ಸೂಚನೆಯೂ ಬಂತು. ಹೊಸಬರಿಗೆ ಎದೆ ಧಸಕ್ ಅನ್ನುತ್ತದೆ. ಕೆಲವರು ಗಾಬರಿಯಲ್ಲಿ ಆ ಹಕ್ಕಿಯನ್ನೇ ಅಳಿಸಿಬಿಡುತ್ತಾರೆ. ಇನ್ನು ಕೆಲವರಿಗೆ ಸಿಟ್ಟು: ನಾನು ಕಣ್ಣಾರೆ ಕಂಡಿದ್ದೇನೆ, ಕೇಳೋಕೆ ಈ ಕಂಪ್ಯೂಟರ್ ಯಾರು?

ಅಳಿಸುವುದೂ ಬೇಡ, ಸಿಟ್ಟೂ ಬೇಡ. ಆ ಗುರುತು ಹಾಕುವ ಫಿಲ್ಟರ್‌ಗೆ ನಿಮ್ಮ ಹಕ್ಕಿ ಕಂಡೇ ಇಲ್ಲ. ಅದಕ್ಕೆ ಗೊತ್ತಿರುವುದು ಮೂರೇ ಸಂಗತಿ: ಜಾಗ, ತಾರೀಕು, ಸಂಖ್ಯೆ. ಈ ಮೂರರಲ್ಲಿ ಯಾವುದರ ಬಗ್ಗೆ ಅದು ಕೇಳುತ್ತಿದೆ ಅಂತ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಫಿಲ್ಟರ್ ಒಳಗೆ ಏನಿದೆ

ಇ-ಬರ್ಡ್ ಶುರುವಾಗಿದ್ದು 2002ರಲ್ಲಿ. ಕಾರ್ನೆಲ್ ಲ್ಯಾಬ್ ಆಫ್ ಆರ್ನಿಥಾಲಜಿ ಮತ್ತು ನ್ಯಾಷನಲ್ ಆಡುಬಾನ್ ಸೊಸೈಟಿ ಸೇರಿ ಶುರು ಮಾಡಿದವು. 2010ರಲ್ಲಿ ಇಡೀ ಜಗತ್ತಿಗೆ ತೆರೆದುಕೊಂಡಿತು. 2021ರಲ್ಲಿ ಅದರ ದಾಖಲೆಗಳು 100 ಕೋಟಿ ದಾಟಿದವು. ಇಷ್ಟನ್ನು ಯಾರಾದರೂ ಕೂತು ಒಂದೊಂದಾಗಿ ಓದಲು ಆಗುತ್ತದಾ? ಹಾಗಾಗಿ ಮೊದಲ ಜರಡಿ ಹಿಡಿಯುವ ಕೆಲಸ ಫಿಲ್ಟರ್‌ನದ್ದು.

ಜರಡಿ ಅಂದರೆ ಏನೋ ದೊಡ್ಡ ಮಾಯೆ ಅಂದುಕೊಳ್ಳಬೇಡಿ. ಅದೊಂದು ಕ್ಯಾಲೆಂಡರ್. ಒಂದು ಪ್ರದೇಶ, ಒಂದು ಹಕ್ಕಿ, ವರ್ಷದ ಉದ್ದಕ್ಕೂ ಒಂದು ಗೆರೆ. ಆ ಗೆರೆಯನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಅಂಕಿ ಕೊಟ್ಟಿರುತ್ತಾರೆ. ಒಂದು ಪಟ್ಟಿಯಲ್ಲಿ ಆ ಅಂಕಿ ದಾಟಿದರೆ ಗುರುತು ಬೀಳುತ್ತದೆ.

ಒಂದು ವಲಸೆ ಹಕ್ಕಿಯನ್ನು ನೆನೆಸಿಕೊಳ್ಳಿ. ಜೂನ್ 1ರಿಂದ ಆಗಸ್ಟ್ 20ರವರೆಗೆ ಮಿತಿ 0. ಅಲ್ಲಿಂದ ಸೆಪ್ಟೆಂಬರ್ 15ರವರೆಗೆ 3. ಆಮೇಲೆ ಮಾರ್ಚ್ ಕೊನೆಯವರೆಗೆ 40. ಏಪ್ರಿಲ್‌ಗೆ 10, ಮೇ ತಿಂಗಳಿಗೆ 1. ಅಂಕಿಗಳು ನಾನೇ ಕಟ್ಟಿದ್ದು, ವಿಷಯ ತಿಳಿಯಲಿ ಅಂತ. ಈಗ ಡಿಸೆಂಬರ್ 25ಕ್ಕೆ ನೀವು 38 ಬರೆದರೆ ಯಾರೂ ಏನೂ ಕೇಳುವುದಿಲ್ಲ. 41 ಬರೆದರೆ ಕೇಳುತ್ತದೆ. ಜುಲೈ 12ಕ್ಕೆ ಒಂದೇ ಒಂದು ಬರೆದರೂ ಕೇಳುತ್ತದೆ. ಮಿತಿ 0 ಅಂದರೆ ಆ ಹೊತ್ತಿನಲ್ಲಿ ಆ ಹಕ್ಕಿ ಅಲ್ಲಿ ಇರುವ ನಿರೀಕ್ಷೆಯೇ ಇಲ್ಲ ಅಂತ.

ಈ ಅಂಕಿಗಳನ್ನು ಇಡುವವರು ಆಯಾ ಪ್ರದೇಶದ ಹಕ್ಕಿ ಬಲ್ಲ ಸ್ವಯಂಸೇವಕರು. ಹಿಂದಿನ ದಾಖಲೆ ನೋಡುತ್ತಾರೆ, ತಮ್ಮ ಅನುಭವ ಸೇರಿಸುತ್ತಾರೆ. ತುಂಬಾ ಬಿಗಿ ಮಾಡಿದರೆ ಎಲ್ಲದಕ್ಕೂ ಗುರುತು ಬಿದ್ದು ಅವರೇ ಮುಳುಗಿಹೋಗುತ್ತಾರೆ. ಸಡಿಲ ಬಿಟ್ಟರೆ ತಪ್ಪುಗಳೆಲ್ಲ ಸದ್ದಿಲ್ಲದೆ ಒಳಗೆ ನುಗ್ಗುತ್ತವೆ. ಒಟ್ಟಿನಲ್ಲಿ ಮಿತಿ ಅನ್ನುವುದು ಒಬ್ಬ ಮನುಷ್ಯನ ಅಂದಾಜು. ಕಾಲ ಕಳೆದಂತೆ ಅದನ್ನು ತಿದ್ದುತ್ತಲೂ ಇರುತ್ತಾರೆ.

ಈ ಕ್ಯಾಲೆಂಡರ್‌ನಲ್ಲಿ ಇಸವಿ ಇಲ್ಲ. ನಿಮ್ಮ ಹೆಸರೂ ಇಲ್ಲ. ಮೂವತ್ತು ವರ್ಷ ಹಕ್ಕಿ ನೋಡಿದವರಿಗೂ ನಿನ್ನೆ ದುರ್ಬೀನು ಕೊಂಡವರಿಗೂ ಒಂದೇ ಮಿತಿ. ಗುರುತು ಬಂದಿದ್ದಕ್ಕೆ ಬೇಜಾರು ಮಾಡಿಕೊಳ್ಳುವ ಹಿರಿಯರಿಗೆ ನಾನು ಹೇಳುವುದು ಇಷ್ಟೇ: ಅದಕ್ಕೆ ನೀವು ಯಾರು ಅಂತಲೇ ಗೊತ್ತಿಲ್ಲ ಸ್ವಾಮಿ.

ಪ್ರದೇಶ ಬದಲಾದರೆ ಕ್ಯಾಲೆಂಡರ್ ಹೇಗೆ ಬದಲಾಗುತ್ತದೆ ಅನ್ನೋದಕ್ಕೆ ಚಾತಕಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಉತ್ತರ ಭಾರತಕ್ಕೆ ಅದು ಮಳೆಗಾಲದ ಜೊತೆಗೆ ಆಫ್ರಿಕಾದಿಂದ ಬರುತ್ತದೆ. ಆದರೆ ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ವರ್ಷವಿಡೀ ಇರುವ ಚಾತಕಗಳೂ ಇವೆ. ಜನವರಿಯ ಒಂದು ಚಾತಕ ಉತ್ತರದಲ್ಲಿ ಅಚ್ಚರಿ, ದಕ್ಷಿಣದಲ್ಲಿ ಮಾಮೂಲಿ. ಅಮುರ್ ಫಾಲ್ಕನ್ ಎಂಬ ಸಣ್ಣ ಬೇಟೆ ಹಕ್ಕಿಯ ಕಥೆ ಇನ್ನೂ ಜೋರು. ಅಕ್ಟೋಬರ್, ನವೆಂಬರ್‌ನಲ್ಲಿ ನಾಗಾಲ್ಯಾಂಡ್‌ನ ಆಕಾಶದಲ್ಲಿ ಲಕ್ಷಗಟ್ಟಲೆ ಸೇರುತ್ತವೆ. ಅಲ್ಲಿಂದ ಸಮುದ್ರ ದಾಟಿ ಆಫ್ರಿಕಾದ ದಕ್ಷಿಣ ಭಾಗಕ್ಕೆ ಹೋಗುತ್ತವೆ. ಅಂಥ ಜಾಗದಲ್ಲಿ ಅಕ್ಟೋಬರ್‌ನ ಅಂಕಿಯನ್ನೇ ಜೂನ್‌ಗೂ ಇಟ್ಟರೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ.

ಮೊದಲ ಹೆಜ್ಜೆ: ಗುರುತು ಎಷ್ಟು ಅಂತ ಎಣಿಸಿ

ಒಂದೇ ಗುರುತು ಇದ್ದರೆ ಅನುಮಾನ ಆ ಹಕ್ಕಿಯ ಮೇಲೆ ಅಥವಾ ಅದರ ಅಂಕಿಯ ಮೇಲೆ. ಏಳೆಂಟು ಒಟ್ಟಿಗೆ ಬಂದಿದ್ದರೆ ಹಕ್ಕಿಗಳನ್ನು ಬಿಡಿ, ತಾರೀಕು ಮತ್ತು ನಕ್ಷೆ ನೋಡಿ. ಏಳೆಂಟು ಬಗೆಯ ಹಕ್ಕಿಗಳು ಒಂದೇ ದಿನ ದಾರಿ ತಪ್ಪಿ ಬಂದು ನಿಮ್ಮ ಮುಂದೆಯೇ ಕೂರುವುದಿಲ್ಲ.

ಇದನ್ನು ನಾನು ಕಲಿತಿದ್ದು ನಾಚಿಕೆಪಟ್ಟುಕೊಂಡೇ. ಹಳೆಯ ಟಿಪ್ಪಣಿ ಪುಸ್ತಕದಿಂದ ಪಟ್ಟಿ ಏರಿಸುತ್ತಿದ್ದೆ. ಪುಸ್ತಕದಲ್ಲಿ 5-12 ಅಂತಿತ್ತು. ಅದು ಡಿಸೆಂಬರ್ 5. ನಾನು ಆತುರದಲ್ಲಿ ತಿಂಗಳು ಮೊದಲು ಅಂದುಕೊಂಡು ಮೇ 12 ಮಾಡಿದೆ. ಚಳಿಗಾಲದ ಬಾತು, ಸಿಪಿಲೆ, ಗೊರವ ಎಲ್ಲ ಸೇರಿ ಒಂಬತ್ತು ಹಕ್ಕಿ ಕೆಂಪಾದವು. ನಾನೋ, ಶಿಸ್ತಾಗಿ ಒಂದೊಂದಕ್ಕೂ ವಿವರ ಬರೆಯಲು ಕೂತೆ! ಮೂರನೆಯದಕ್ಕೆ ಬಂದಾಗ ಪುಸ್ತಕದ ಮೂಲೆಯಲ್ಲಿದ್ದ ಒಂದು ಸಾಲು ಕಣ್ಣಿಗೆ ಬಿತ್ತು: 'ಕೈ ಮರಗಟ್ಟುವ ಚಳಿ'. ಮೇ ತಿಂಗಳಲ್ಲಿ ಅಲ್ಲಿ ಎಲ್ಲಿಯ ಚಳಿ?

ನಕ್ಷೆಯ ತಪ್ಪು ಇನ್ನೂ ಸಾಮಾನ್ಯ. ಹೊರಗೆ ನೋಡಿದ್ದನ್ನು ಮನೆಗೆ ಬಂದು ಆ್ಯಪ್‌ನಲ್ಲಿ ತುಂಬುತ್ತೀರಿ. ಜಾಗದ ಗುರುತು ಮನೆಯ ಮೇಲೇ ಕೂತಿರುತ್ತದೆ. ಅಥವಾ ಕಳೆದ ವಾರ ಹೋದ ಜಾಗವನ್ನೇ ಸುಮ್ನೆ ಒತ್ತಿರುತ್ತೀರಿ. ದಿನವಿಡೀ ಓಡಾಡಿದ್ದನ್ನು ಒಂದೇ ಪಟ್ಟಿಗೆ ತುರುಕಿದರೂ ಇದೇ ಪಾಡು. ಪಟ್ಟಿ ಒಂದೇ ಚುಕ್ಕೆಗೆ ಅಂಟಿಕೊಳ್ಳುತ್ತದೆ. ಬೆಟ್ಟದಲ್ಲಿ ಕಂಡ ಹಕ್ಕಿ ಕಡಲ ದಂಡೆಯ ಲೆಕ್ಕಕ್ಕೆ ಬೀಳುತ್ತದೆ. ನಡೆದು ಮಾಡುವ ಪಟ್ಟಿಯನ್ನು 8 ಕಿಲೋಮೀಟರ್ ಒಳಗೆ ಇಟ್ಟುಕೊಳ್ಳಿ. ಜಾಗದ ಸ್ವರೂಪ ಬದಲಾದ ಕಡೆ ಹೊಸ ಪಟ್ಟಿ ಶುರು ಮಾಡಿ.

ಎರಡನೆಯದು: ಅಂಕಿ ನೋಡಿ

ಇದು ಒಂದು ನಿಮಿಷದ ಕೆಲಸ. 15 ಬರೆಯಲು ಹೋಗಿ 155 ಆಯಿತೇ? ಪಾರಿವಾಳದ 60 ಒಂದು ಸಾಲು ಜಾರಿ ಹದ್ದಿನ ಪಕ್ಕ ಬಿತ್ತೇ? ತಪ್ಪಿದ್ದರೆ ತಿದ್ದಿ, ಗುರುತು ಹೋಗುತ್ತದೆ.

ಅಂಕಿ ಸರಿಯೇ ಇದ್ದರೆ ಒಂದು ಕೆಟ್ಟ ಆಸೆ ಹುಟ್ಟುತ್ತದೆ, ಎಚ್ಚರ. ಮಿತಿ 20 ಇರಬಹುದು, ನೀವು ಕಂಡದ್ದು 26. 20 ಅಂತ ಬರೆದರೆ ಯಾರೂ ಕೇಳುವುದಿಲ್ಲ, ಅಲ್ವಾ? ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲರೂ 20ಕ್ಕೆ ನಿಲ್ಲಿಸಿದರೆ ಮುಂದೆ ಅಂಕಿ ತಿದ್ದುವವರಿಗೆ ಆ ಜಾಗದಲ್ಲಿ 20ಕ್ಕಿಂತ ಜಾಸ್ತಿ ಎಂದೂ ಇರಲಿಲ್ಲ ಅಂತಲೇ ಕಾಣುತ್ತದೆ. ಹೀಗೆ ತಪ್ಪು ಮಿತಿ ಗಟ್ಟಿಯಾಗುತ್ತಾ ಹೋಗುತ್ತದೆ. ಸಂಖ್ಯೆಯ ಬದಲು 'ಇತ್ತು, ಎಣಿಸಲಿಲ್ಲ' ಅನ್ನುವ ಎಕ್ಸ್ ಹಾಕಿ ನುಣುಚಿಕೊಳ್ಳುವುದೂ ಇದೇ ಜಾತಿಯ ಕೆಲಸ. ಎಣಿಸಿದ್ದೀರಿ ಅಂದಮೇಲೆ ಎಣಿಸಿದ್ದನ್ನೇ ಬರೆಯಿರಿ.

ಮೂರನೆಯದು: ಹೆಸರಿನ ಮೇಲೆ ಅನುಮಾನ ಪಡಿ

ತಾರೀಕು ಸರಿ, ಜಾಗ ಸರಿ, ಅಂಕಿ ಸರಿ. ಈಗ ಹಕ್ಕಿಯ ಸರದಿ. ಮೊದಲು ಬೆರಳು ಜಾರಿ ಪಟ್ಟಿಯಲ್ಲಿ ಪಕ್ಕದ ಹೆಸರು ಒತ್ತಿದ್ದೀರಾ ನೋಡಿ. ಅದೂ ಅಲ್ಲದಿದ್ದರೆ ಬಾರ್ ಚಾರ್ಟ್ ತೆರೆಯಿರಿ.

ಇ-ಬರ್ಡ್‌ನ ಬಾರ್ ಚಾರ್ಟ್ ಪ್ರತಿ ತಿಂಗಳನ್ನು ನಾಲ್ಕು ಭಾಗ ಮಾಡುತ್ತದೆ. ವರ್ಷಕ್ಕೆ 48 ಕಿಂಡಿಗಳು. ಪಟ್ಟೆ ದಪ್ಪ ಇದ್ದಷ್ಟೂ ಆ ವಾರದ ಪೂರ್ಣ ಪಟ್ಟಿಗಳಲ್ಲಿ (ಗುರುತಿಸಲು ಆದ ಹಕ್ಕಿಗಳನ್ನೆಲ್ಲ ಬಿಡದೆ ಬರೆದ ಪಟ್ಟಿಗಳಲ್ಲಿ) ಆ ಹಕ್ಕಿ ಹೆಚ್ಚು ಸಲ ಬಂದಿದೆ ಅಂತ. ನೀವು ಕಂಡ ವಾರಕ್ಕೆ ಬೆರಳಿಡಿ. ಪಕ್ಕದ ವಾರದಲ್ಲಿ ಪಟ್ಟೆ ಇದ್ದರೆ ಹಕ್ಕಿ ಸ್ವಲ್ಪ ಬೇಗ ಬಂದಿದೆ ಅಥವಾ ತಡವಾಗಿ ಹೊರಟಿದೆ. ಅದು ಸಣ್ಣ ಅಚ್ಚರಿ. ನಾಲ್ಕು ತಿಂಗಳು ಆಚೀಚೆ ಏನೂ ಇಲ್ಲದಿದ್ದರೆ ನಿಮ್ಮ ಗುರುತಿಸುವಿಕೆಯನ್ನು ಇನ್ನೊಂದು ಸಲ ಗಟ್ಟಿ ಮಾಡಿಕೊಳ್ಳಬೇಕು. ಹಾಗೆಯೇ ಯಾರೂ ಹೆಚ್ಚು ಓಡಾಡದ ವಾರಗಳೂ ಇರುತ್ತವೆ. ಅಲ್ಲಿ ಪಟ್ಟೆ ಕಾಣದಿದ್ದರೆ ಹಕ್ಕಿ ಇಲ್ಲ ಅಂತಲ್ಲ, ನೋಡಿದವರಿಲ್ಲ ಅಂತ. ಪಟ್ಟಿಗಳು ಸಾಲದ ವಾರವನ್ನು ಚಾರ್ಟ್ ಬೇರೆಯಾಗಿಯೇ ತೋರಿಸುತ್ತದೆ.

'ಚಳಿಗಾಲದ ಅತಿಥಿ' ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಓದಿದರೆ ನವೆಂಬರ್‌ನಿಂದ ಫೆಬ್ರುವರಿ ಅಂತ ಅನಿಸಿಬಿಡುತ್ತದೆ. ಹಕ್ಕಿಗಳ ಲೆಕ್ಕ ಬೇರೆ. ಗ್ರೀನ್ ಸ್ಯಾಂಡ್‌ಪೈಪರ್ ಎಂಬ ನೀರಂಚಿನ ವಲಸೆ ಹಕ್ಕಿಗಳು ಉತ್ತರದ ಗೂಡುಗಳಿಂದ ಜೂನ್ ಕೊನೆ, ಜುಲೈ ಹೊತ್ತಿಗೇ ದಕ್ಷಿಣಕ್ಕೆ ಹೊರಡಲು ಶುರು ಮಾಡುತ್ತವೆ. ಭಾರತಕ್ಕೆ ಬರುವ ಗುಲಾಬಿ ಕಬ್ಬಕ್ಕಿಗಳು ಆಗಸ್ಟ್‌ನಲ್ಲೇ ಕಾಣಿಸಿಕೊಂಡು ಏಪ್ರಿಲ್‌ವರೆಗೂ ಇರುತ್ತವೆ. ಪುಸ್ತಕದ ಒಂದು ಪದಕ್ಕಿಂತ ವಾರವಾರದ ಚಾರ್ಟ್ ಮೇಲು.

ನಾಲ್ಕನೆಯದು: ವಿವರ ಬರೆಯಿರಿ, ಆದರೆ ಹೇಗೆ?

ಹೆಚ್ಚಿನವರು ಎಡವುವುದು ಇಲ್ಲಿ. ವಿವರದ ಪೆಟ್ಟಿಗೆಯಲ್ಲಿ ಎಂಥೆಂಥ ಸಾಲುಗಳಿರುತ್ತವೆ ಗೊತ್ತಾ? 'ಸ್ಪಷ್ಟವಾಗಿ ಕಂಡಿತು.' 'ನನಗೆ ಈ ಹಕ್ಕಿ ಚೆನ್ನಾಗಿ ಗೊತ್ತು.' 'ಜೊತೆಗಿದ್ದವರೂ ಒಪ್ಪಿದರು.' 'ಮರ್ಲಿನ್ ಹೇಳಿತು' (ಹಕ್ಕಿ ಗುರುತಿಸಲು ನೆರವಾಗುವ ಆ್ಯಪ್ ಅದು). ಇವುಗಳಲ್ಲಿ ಒಂದರಲ್ಲೂ ಹಕ್ಕಿ ಇಲ್ಲ. ಓದುವವರು ನೀವು ನಿಂತ ಜಾಗದಲ್ಲಿ ಇರಲಿಲ್ಲ. ನಿಮ್ಮ ಮಾತಿನಲ್ಲಿ ಅವರಿಗೆ ಹಕ್ಕಿ ಕಾಣಬೇಕು. ಮರ್ಲಿನ್ ಕೊಡುವುದು ಸುಳಿವು. ಆ ಸುಳಿವು ಹಿಡಿದು ನೀವು ಏನು ಕಂಡಿರಿ, ಏನು ಕೇಳಿದಿರಿ ಅನ್ನೋದು ಸಾಕ್ಷಿ.

ಜುಲೈ ಮೊದಲ ವಾರ ಒಂದು ಗ್ರೀನ್ ಸ್ಯಾಂಡ್‌ಪೈಪರ್ ಕಂಡು ಗುರುತು ಬಂತು ಅಂದುಕೊಳ್ಳಿ. ನಾನಾದರೆ ಹೀಗೆ ಬರೆಯುತ್ತೇನೆ:

'ಒಂದೇ ಹಕ್ಕಿ. ನೀರಿನ ಅಂಚಿನ ಕೆಸರಿನಲ್ಲಿ, ಸುಮಾರು 20 ಮೀಟರ್ ದೂರ. ಬೆಳಕು ನನ್ನ ಬೆನ್ನ ಹಿಂದೆ ಇತ್ತು. ಐದು ನಿಮಿಷ ನೋಡಿದೆ. ಬೆನ್ನು ಕಡು ಬಣ್ಣ, ಸಣ್ಣ ಚುಕ್ಕೆಗಳು. ಬಿಳಿ ಹುಬ್ಬು ಕಣ್ಣಿನ ಮುಂದೆ ಮಾತ್ರ. ಕಾಲು ಹಸಿರು ಮಿಶ್ರಿತ ಬೂದು. ಹಾರಿದಾಗ ರೆಕ್ಕೆಯ ಅಡಿಭಾಗ ಕಪ್ಪಗಿತ್ತು, ಸೊಂಟ ಬೆಳ್ಳಗೆ ಎದ್ದು ಕಂಡಿತು. ವುಡ್ ಸ್ಯಾಂಡ್‌ಪೈಪರ್ ಆಗಿದ್ದರೆ ಹುಬ್ಬು ಕಣ್ಣಿನ ಹಿಂದಕ್ಕೂ ಉದ್ದ ಹೋಗಿರುತ್ತಿತ್ತು, ರೆಕ್ಕೆಯಡಿ ಮಾಸಲು ಬಣ್ಣ ಇರುತ್ತಿತ್ತು.'

ಕೊನೆಯ ಸಾಲು ನೋಡಿ. ಅದಕ್ಕೇ ಬೆಲೆ ಜಾಸ್ತಿ. ಈ ಹಕ್ಕಿ ಯಾಕೆ ಅನ್ನುವಷ್ಟೇ, ಅದರ ಹಾಗೇ ಕಾಣುವ ಇನ್ನೊಂದು ಯಾಕಲ್ಲ ಅಂತಲೂ ಹೇಳಬೇಕು. ಇನ್ನೊಂದು ಮಾತು. ಪುಸ್ತಕದಲ್ಲಿರುವ ಎಲ್ಲ ಲಕ್ಷಣಗಳನ್ನೂ ನಕಲು ಮಾಡಬೇಡಿ. ಕಂಡಷ್ಟೇ ಬರೆಯಿರಿ. 'ಕಾಲಿನ ಬಣ್ಣ ಸರಿಯಾಗಿ ಕಾಣಲಿಲ್ಲ' ಅಂತ ಬರೆದವರ ಮೇಲೆ ಪರಿಶೀಲಿಸುವವರಿಗೆ ನಂಬಿಕೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಗುರುತು ಸಂಖ್ಯೆಗೆ ಬಂದಿದ್ದರೆ ರೆಕ್ಕೆ, ಕೊಕ್ಕಿನ ವರ್ಣನೆ ಬೇಕಿಲ್ಲ. ಹೇಗೆ ಎಣಿಸಿದಿರಿ ಅಂತ ಹೇಳಿ. ಒಂದೊಂದಾಗಿಯೇ? ಐವತ್ತರ ಒಂದು ಗುಂಪು ಎಣಿಸಿಕೊಂಡು, ಅಂಥ ಗುಂಪು ಎಷ್ಟಿವೆ ಅಂತ ಅಂದಾಜು ಮಾಡಿದಿರೇ? ಕೂತಿದ್ದವೇ, ಹಾರುತ್ತಿದ್ದವೇ? ಹೋದವೇ ತಿರುಗಿ ಬಂದು ಎರಡು ಸಲ ಲೆಕ್ಕಕ್ಕೆ ಸಿಕ್ಕಿರಬಹುದೇ? ಎರಡು ಸಾಲು ಸಾಕು.

ಬರೆಯುವುದನ್ನು ಅಂದೇ ಬರೆಯಿರಿ. ಒಂದು ವಾರ ಕಳೆದರೆ ನೀವು ಕಂಡ ಹಕ್ಕಿ ಮತ್ತು ಪುಸ್ತಕದ ಚಿತ್ರ ತಲೆಯಲ್ಲಿ ಕಲಸಿಹೋಗುತ್ತವೆ. ನನಗಂತೂ ಎರಡೇ ದಿನ ಸಾಕು.

ಐದನೆಯದು: ಫೋಟೊ, ಧ್ವನಿ

ಮಸುಕಾದರೂ ಪರವಾಗಿಲ್ಲ, ಹಾಕಿ. ಕ್ಯಾಮೆರಾದ ಹಿಂದಿನ ಪರದೆಯನ್ನು ಮೊಬೈಲಿನಲ್ಲಿ ತೆಗೆದದ್ದೂ ಎಷ್ಟೋ ಸಲ ಸಾಕಾಗುತ್ತದೆ. ಕೂತಿರುವ ಹಕ್ಕಿಯ ಒಂದು ಚಂದದ ಫೋಟೊಗಿಂತ ಬೆನ್ನು, ಬಾಲ, ಹಾರುವಾಗಿನ ರೆಕ್ಕೆ ಕಾಣುವ ಮೂರು ಸಾಧಾರಣ ಫೋಟೊ ಮೇಲು. ಹಕ್ಕಿ ಕೂಗುತ್ತಿದ್ದರೆ ಮೊಬೈಲ್ ಎತ್ತಿ ರೆಕಾರ್ಡ್ ಮಾಡಿ, ಆ ಅರ್ಧ ನಿಮಿಷ ಮಾತಾಡದೆ ನಿಲ್ಲಿ. ಪಟ್ಟಿಗೆ ಸೇರಿಸಿದ ಫೋಟೊ, ಧ್ವನಿ ಎಲ್ಲ ಕಾರ್ನೆಲ್‌ನ ಮೆಕಾಲೆ ಲೈಬ್ರರಿ ಎಂಬ ಫೋಟೊ, ಧ್ವನಿಗಳ ಭಂಡಾರಕ್ಕೆ ಸೇರುತ್ತವೆ.

ಫೋಟೊ ಎಷ್ಟು ದೂರ ಕೊಂಡೊಯ್ಯಬಲ್ಲದು ಅನ್ನೋದಕ್ಕೆ ಒಂದು ಸ್ಟೆಲ್ಲರ್ಸ್ ಸೀ ಈಗಲ್ ಇದೆ. ರಷ್ಯಾದ ಪೂರ್ವ ತುದಿಯ ಕಡಲ ದಂಡೆಯ ಭಾರಿ ಹದ್ದು ಅದು. ಅಂಥದೊಂದು 2020ರಲ್ಲಿ ಅಲಾಸ್ಕಾದ ಒಳನಾಡಿನಲ್ಲಿ ಕಂಡಿತು. 2021ರಲ್ಲಿ ಟೆಕ್ಸಾಸ್‌ನಲ್ಲಿ ಒಂದು ಕಂಡಿತು. ಆಮೇಲೆ ಪೂರ್ವ ಕೆನಡಾ. ಅದೇ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್, ಮೇನ್. ರೆಕ್ಕೆಯ ಮೇಲಿನ ಬಿಳಿ ಮಚ್ಚೆಗಳನ್ನು ಫೋಟೊಗಳಲ್ಲಿ ಹೋಲಿಸಿ, ಇದು ಬೇರೆ ಬೇರೆ ಹದ್ದಲ್ಲ, ಒಂದೇ ಹದ್ದು ಊರೂರು ಸುತ್ತುತ್ತಿದೆ ಅಂತ ಹಕ್ಕಿ ಬಲ್ಲವರು ಹೇಳಿದರು. ಮಿತಿ 0 ಇದ್ದ ಕಡೆಯೂ ಹಕ್ಕಿ ಬರುತ್ತದೆ. ಆದರೆ ಬಂದಿತ್ತು ಅಂತ ಬಾಯಿಮಾತಲ್ಲಿ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಆರನೆಯದು: ಪಟ್ಟಿ ಕಳಿಸಿ, ಕಾಯಿರಿ

ಗುರುತು ಬಿದ್ದ ದಾಖಲೆ ಸ್ಥಳೀಯ ಪರಿಶೀಲಕರ ಸಾಲಿಗೆ ಹೋಗುತ್ತದೆ. ಅವರು ಒಪ್ಪುವವರೆಗೆ ಸಾರ್ವಜನಿಕ ನಕ್ಷೆಗಳಲ್ಲಿ ಖಚಿತವಾದ ದಾಖಲೆಗಳ ಜೊತೆ ಅದು ಸೇರುವುದಿಲ್ಲ. ಪಟ್ಟಿಯ ಉಳಿದ ಹಕ್ಕಿಗಳಿಗೆ ಏನೂ ಆಗುವುದಿಲ್ಲ. ನಿಮ್ಮ ಸ್ವಂತ ಪಟ್ಟಿಯಲ್ಲಂತೂ ಆ ಹಕ್ಕಿ ಇದ್ದೇ ಇರುತ್ತದೆ, ಅವರು ಒಪ್ಪಲಿ, ಬಿಡಲಿ.

ಪರಿಶೀಲಕರು ಸಂಬಳಕ್ಕೆ ಕೂತವರಲ್ಲ. ತಮ್ಮ ಕೆಲಸ ಮುಗಿಸಿ ರಾತ್ರಿ ಇದನ್ನು ನೋಡುವವರು. ಉತ್ತರ ನಾಳೆ ಬರಬಹುದು, ತಿಂಗಳು ಕಳೆದೂ ಬರಬಹುದು. ಇಮೇಲ್‌ನಲ್ಲಿ ಏನಾದರೂ ಕೇಳಿದರೆ ಅವರಿಗೆ ಉತ್ತರಿಸಿ. ಅದಕ್ಕಿಂತ ಮುಖ್ಯವಾಗಿ, ಆ ಉತ್ತರವನ್ನು ಪಟ್ಟಿಯ ವಿವರದೊಳಗೂ ಸೇರಿಸಿ. ಇಮೇಲ್ ಅವರೊಬ್ಬರ ಬಳಿ ಉಳಿಯುತ್ತದೆ. ಹತ್ತು ವರ್ಷ ಬಿಟ್ಟು ನೋಡುವವರಿಗೆ ಸಿಗುವುದು ಪಟ್ಟಿ ಮಾತ್ರ.

ಬರೆಯುತ್ತಾ ಬರೆಯುತ್ತಾ ನಿಮಗೇ ಅನುಮಾನ ಬಂದರೆ ಹಕ್ಕಿಯನ್ನು ಅಳಿಸಬೇಡಿ. ಯಾವುದೋ ಒಂದು ಸ್ಯಾಂಡ್‌ಪೈಪರ್ ಇತ್ತು ಅನ್ನೋದು ನಿಜ ತಾನೇ? 'ಸ್ಯಾಂಡ್‌ಪೈಪರ್ ಎಸ್‌ಪಿ' (ಯಾವ ಜಾತಿ ಅಂತ ಗೊತ್ತಿಲ್ಲ) ಥರದ ಆಯ್ಕೆಗಳು ಇರುವುದೇ ಇದಕ್ಕೆ. ಎರಡರಲ್ಲಿ ಒಂದು ಅಂತ ಗೊತ್ತಿದ್ದರೆ ಎರಡೂ ಹೆಸರಿನ ನಡುವೆ ಗೆರೆ ಇರುವ ಆಯ್ಕೆಯೂ ಸಿಗಬಹುದು. ಹಾಗೆ ಬದಲಿಸಿದರೆ ನಿಮ್ಮ ಪೂರ್ಣ ಪಟ್ಟಿ ಪೂರ್ಣವಾಗಿಯೇ ಉಳಿಯುತ್ತದೆ.

ಗುರುತು ಬಾರದವುಗಳ ಕಡೆಗೂ ಒಂದು ಕಣ್ಣು

ಗುರುತು ಬರಲಿಲ್ಲ ಅಂದರೆ ಎಲ್ಲ ಸರಿ ಅಂತಲ್ಲ. ನನ್ನನ್ನು ಕೇಳಿದರೆ ಅಪಾಯ ಇರುವುದೇ ಇಲ್ಲಿ. ಚಳಿಗಾಲದ ಮಧ್ಯೆ ಗ್ರೀನ್ ಸ್ಯಾಂಡ್‌ಪೈಪರ್ ಮತ್ತು ವುಡ್ ಸ್ಯಾಂಡ್‌ಪೈಪರ್ ಎರಡೂ ಇರುವ ಜಾಗದಲ್ಲಿ ಒಂದನ್ನು ಇನ್ನೊಂದು ಅಂತ ಬರೆದರೆ ಫಿಲ್ಟರ್ ತುಟಿ ಬಿಚ್ಚುವುದಿಲ್ಲ. ಎರಡೂ ಅದರ ಕ್ಯಾಲೆಂಡರ್‌ನಲ್ಲಿವೆ. ಹಾಗೆಯೇ ಒಂದೇ ಫಿಲ್ಟರ್ ಕೆಳಗೆ ಬೆಟ್ಟವೂ ಬಯಲೂ ಇರಬಹುದು. ಬೆಟ್ಟದ ತುದಿಗೆ ಮಾತ್ರ ಮಾಮೂಲಿಯಾದ ಹಕ್ಕಿ ಬಯಲಿನಲ್ಲಿ ಕಂಡರೂ ಅದು ಕೇಳುವುದಿಲ್ಲ. ಆಗ ನೀವೇ ವಿವರ ಬರೆದುಬಿಡಿ. ಕೇಳಿದರೆ ಮಾತ್ರ ಹೇಳಬೇಕು ಅಂತ ನಿಯಮ ಇಲ್ಲ.

ಹಳೆಯ ಡೈರಿ ಇದ್ದರೆ

ಹಳೆಯ ಪಟ್ಟಿ ಏರಿಸುವವರಿಗೆ ಒಂದು ಮಾತು. ಫಿಲ್ಟರ್‌ನಲ್ಲಿ ಇಸವಿ ಇಲ್ಲ ಅಂದೆನಲ್ಲ, ಅದು ಇಲ್ಲಿ ಕಾಡುತ್ತದೆ. ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು 1980ರ ದಶಕದವರೆಗೂ ಗುಂಪು ಗುಂಪಾಗಿ ಕಾಣುತ್ತಿತ್ತು. 1990ರ ದಶಕದಿಂದ ಅವು ಸಾಯತೊಡಗಿದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮೂಲಕ ಅವುಗಳ ಹೊಟ್ಟೆ ಸೇರಿ ಮೂತ್ರಪಿಂಡ ಕೆಡಿಸುತ್ತಿತ್ತು. ಶೇಕಡ 99ಕ್ಕೂ ಹೆಚ್ಚು ರಣಹದ್ದುಗಳು ಹೋದವು. 2006ರಲ್ಲಿ ಭಾರತ ದನಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿತು. ಈಗಿನ ಮಿತಿಗಳು ಈಗಿನ ಆಕಾಶಕ್ಕೆ ಹೊಂದಿಕೊಂಡವು. 1984ರ ಡೈರಿಯಲ್ಲಿ '200 ರಣಹದ್ದು' ಅಂತಿದ್ದರೆ ಗುರುತು ಬಿದ್ದೇ ಬೀಳುತ್ತದೆ. ಅದಕ್ಕೆ ಹೆದರಿ ಅಂಕಿ ಇಳಿಸಬೇಡಿ. ಡೈರಿಯ ಆ ಪುಟದ ಫೋಟೊ ತೆಗೆದು ಪಟ್ಟಿಗೆ ಸೇರಿಸಿ, ಟಿಪ್ಪಣಿ ಅಂದೇ ಬರೆದದ್ದು ಅಂತ ಒಂದು ಸಾಲು ಹಾಕಿ, 200 ಅಂತಲೇ ಬರೆಯಿರಿ.